ಟೆನರ್ ಪಾರ್ಟ್ ನಿಜಕ್ಕೂ ಅಷ್ಟು ಮೇಲಿದೆಯಾ? ಶೀಟ್ ಮ್ಯೂಸಿಕ್‌ನಲ್ಲಿ ಹಾಡುವವರ ಸ್ಥಾಯಿ ಗುರುತಿಸುವುದು ಹೇಗೆ

ಅಕ್ಟೋಬರ್ ಕಳೆಯುತ್ತಿದ್ದ ಹಾಗೆ ಬೆಂಗಳೂರಿನಲ್ಲಿ ಕ್ಯಾರಲ್, ಅಂದರೆ ಕ್ರಿಸ್‌ಮಸ್ ಹಾಡುಗಳ ಪ್ರಾಕ್ಟೀಸ್ ಶುರುವಾಗುತ್ತದೆ. ಚರ್ಚ್‌ಗಳಲ್ಲಂತೂ ಸರಿ, ಈಗ ಆಫೀಸುಗಳಲ್ಲಿ, ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟ್‌ಗಳಲ್ಲೂ ತಂಡಗಳಿವೆ. ವಾಟ್ಸಾಪ್‌ನಲ್ಲಿ ಪಿಡಿಎಫ್ ಬರುತ್ತದೆ. ಜೆರಾಕ್ಸ್ ಮಾಡಿಸಿಕೊಂಡು ಮನೆಗೆ ಹೋಗುತ್ತೀರಿ. ಕೀಬೋರ್ಡ್ ಮುಂದೆ ಕೂತು ನಿಮ್ಮ ಸಾಲು ನುಡಿಸಿ ನೋಡುತ್ತೀರಿ. ಅಲ್ಲಿಗೆ ಗೊಂದಲ ಶುರು.

ಕ್ವಾಯರ್, ಅಂದರೆ ಒಟ್ಟಿಗೆ ಹಾಡುವ ತಂಡದಲ್ಲಿ ಸಾಮಾನ್ಯವಾಗಿ ನಾಲ್ಕು ದನಿ: ಹೆಂಗಸರಲ್ಲಿ ಮೇಲಿನದು ಸೊಪ್ರಾನೊ, ಕೆಳಗಿನದು ಆಲ್ಟೊ; ಗಂಡಸರಲ್ಲಿ ಮೇಲಿನದು ಟೆನರ್, ಕೆಳಗಿನದು ಬೇಸ್. ಒಂದೊಂದು ದನಿಗೆ ಬರೆದ ಸಾಲೇ ಪಾರ್ಟ್. ಪ್ರತಿ ವರ್ಷ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. "ಟೆನರ್ ಪಾರ್ಟ್ ನುಡಿಸಿ ನೋಡಿದೆ, ಅಷ್ಟು ಮೇಲೆ ನನ್ನ ಗಂಟಲು ಹೋಗುವುದೇ ಇಲ್ಲ. ನಾನು ಟೆನರ್ ಅಲ್ವಾ?" "ಕ್ಲೆಫ್ ಕೆಳಗೆ ಚಿಕ್ಕದಾಗಿ 8 ಅಂತ ಇದೆ, ಅದು ಪ್ರಿಂಟಿಂಗ್ ತಪ್ಪಾ?" "ಹಾಡಿನ ಪುಸ್ತಕದಲ್ಲಿ ಒಂದೇ ಸಾಲು ಇದೆ, ಗಂಡಸರು ಹೆಂಗಸರು ಇಬ್ಬರೂ ಅದನ್ನೇ ಹಾಡಬೇಕಾ?"

ಚಿಕ್ಕ ಉತ್ತರ ಮೊದಲೇ ಹೇಳಿಬಿಡುತ್ತೇನೆ. ನೀವು ಗಂಡು ದನಿಯವರಾಗಿದ್ದು, ನಿಮ್ಮ ಪಾರ್ಟ್ ಟ್ರೆಬಲ್ ಕ್ಲೆಫ್‌ನಲ್ಲಿ (ಸಾಲಿನ ಶುರುವಿನಲ್ಲಿ ಸುರುಳಿ ಗುರುತು) ಬರೆದಿದ್ದರೆ, ನೀವು ಹಾಡಬೇಕಾದದ್ದು ಬಹುತೇಕ ಯಾವಾಗಲೂ ಬರೆದದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ. ಕ್ಲೆಫ್ ಕೆಳಗೆ 8 ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. "ಬಹುತೇಕ" ಅಂದೆನಲ್ಲ, ಅದರ ಹೊರಗೆ ಉಳಿಯುವುದನ್ನು ಗುರುತಿಸುವುದು ಹೇಗೆ ಅನ್ನುವುದನ್ನೂ ಕೆಳಗೆ ಹಂತ ಹಂತವಾಗಿ ಬರೆದಿದ್ದೇನೆ.

ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಒಬ್ಬ ಹುಡುಗ ಟೆನರ್ ಸಾಲನ್ನು ಕೀಬೋರ್ಡ್‌ನಲ್ಲಿ ಕಂಡ ಎತ್ತರದಲ್ಲೇ ಒಂದು ವಾರ ಕಿರುಚಿ ಕಿರುಚಿ ಅಭ್ಯಾಸ ಮಾಡಿ, ದನಿ ಕಟ್ಟಿಸಿಕೊಂಡು ನನ್ನ ಹತ್ತಿರ ಬಂದಿದ್ದ. ಅವನ ದನಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಆ ಪುಟ್ಟ 8 ಏನು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಶುರು ಮಾಡುವ ಮೊದಲು

ನಿಮ್ಮ ಹತ್ತಿರ ಇರಬೇಕಾದದ್ದು: ಪಾರ್ಟ್‌ನ ಒಂದು ಪ್ರತಿ, ಪೆನ್ಸಿಲ್, ಒಂದು ಕೀಬೋರ್ಡ್, ಫೋನ್‌ನಲ್ಲಿ ಒಂದು ಉಚಿತ ಟ್ಯೂನರ್ ಆಪ್ (ಕೇಳಿಸಿದ ಸ್ವರ ಯಾವುದು ಅಂತ ತೋರಿಸುವುದು). ಕೀಬೋರ್ಡ್ ಇಲ್ಲದಿದ್ದರೆ ಫೋನ್‌ನಲ್ಲೇ ಪಿಯಾನೊ ಆಪ್ ಹಾಕಿಕೊಳ್ಳಿ, ನಡೆಯುತ್ತದೆ.

ಕೆಲವು ಪದಗಳು ಮತ್ತೆ ಮತ್ತೆ ಬರುತ್ತವೆ. ಸ್ಟಾಫ್ ಅಂದರೆ ಸ್ವರಗಳನ್ನು ಬರೆಯುವ ಐದು ಗೆರೆಗಳು. ಗೆರೆಗಳನ್ನೂ ನಡುವಿನ ಸಂದುಗಳನ್ನೂ ಯಾವಾಗಲೂ ಕೆಳಗಿನಿಂದ ಎಣಿಸಬೇಕು. ಐದು ಗೆರೆ ಸಾಲದೆ ಹೋದಾಗ ಮೇಲೆ ಅಥವಾ ಕೆಳಗೆ ಎಳೆಯುವ ತುಂಡುಗೆರೆಗೆ ಲೆಡ್ಜರ್ ಗೆರೆ ಅನ್ನುತ್ತಾರೆ. ಸಾಲಿನ ಶುರುವಿನಲ್ಲಿ ಇರುವ ದೊಡ್ಡ ಗುರುತು ಕ್ಲೆಫ್, ಯಾವ ಗೆರೆ ಯಾವ ಸ್ವರ ಅಂತ ಹೇಳುವುದು ಅದೇ. ಆಕ್ಟೇವ್ ಅಂದರೆ ನಮ್ಮ ಸ್ಥಾಯಿ, ಒಂದು ಸ ಇಂದ ಮುಂದಿನ ಸ ತನಕ. ಒಂದು ಸ್ಥಾಯಿ ಮೇಲೆ ಹೋದರೆ ಕಂಪನದ ಸಂಖ್ಯೆ ಸರಿಯಾಗಿ ಎರಡರಷ್ಟಾಗುತ್ತದೆ.

ಸ್ಥಾಯಿಗೆ ನಂಬರ್ ಕೊಡುವ ಪದ್ಧತಿಯೂ ಇದೆ. ಪಿಯಾನೊದ ನಡುವಿನ ಸಿ, ಅಂದರೆ ಮಿಡಲ್ ಸಿ, ಸಿ4. ಅದಕ್ಕಿಂತ ಒಂದು ಸ್ಥಾಯಿ ಕೆಳಗಿನದು ಸಿ3, ಮೇಲಿನದು ಸಿ5. ಎ4 ಸ್ವರವನ್ನು 440 ಹರ್ಟ್ಸ್‌ಗೆ ಇಟ್ಟರೆ ಸಿ4 ಸುಮಾರು 261.6 ಹರ್ಟ್ಸ್, ಸಿ3 ಸುಮಾರು 130.8. ಒಂದು ಎಚ್ಚರಿಕೆ: ಯಮಾಹಾ ಪದ್ಧತಿಯಲ್ಲಿ ಅದೇ ಮಿಡಲ್ ಸಿಗೆ ಸಿ3 ಅಂತ ಹೆಸರು. ಕೆಲವು ರೆಕಾರ್ಡಿಂಗ್ ಸಾಫ್ಟ್‌ವೇರ್‌ಗಳೂ ಇದನ್ನೇ ಬಳಸುತ್ತವೆ. ಒಬ್ಬರು ಸಿ3 ಅಂದಾಗ ಇನ್ನೊಬ್ಬರು ಸಿ4 ಅಂದರೆ, ಜಗಳಕ್ಕೆ ಮೊದಲು ಇಬ್ಬರೂ ಕೀ ಒತ್ತಿ ತೋರಿಸಿ. ಈ ಲೇಖನದಲ್ಲಿ ಮಿಡಲ್ ಸಿ ಅಂದರೆ ಸಿ4.

ಕರ್ನಾಟಕ ಸಂಗೀತ ಕಲಿತವರಿಗೆ ಒಂದು ಮಾತು

ನಮ್ಮೂರಲ್ಲಿ ಕ್ವಾಯರ್ ಸೇರುವವರಲ್ಲಿ ಅನೇಕರು ಚಿಕ್ಕಂದಿನಲ್ಲಿ ಸರಳೆ ಜಂಟಿ ಕಲಿತವರು. ಗೊಂದಲದ ಬೇರು ಅಲ್ಲೇ ಇದೆ ಅಂತ ನನ್ನ ಅನಿಸಿಕೆ.

ನಮ್ಮ ಸ್ವರಲಿಪಿಯಲ್ಲಿ ಚುಕ್ಕೆ ಇಲ್ಲದ ಸ ಅಂದರೆ ಮಧ್ಯ ಸ್ಥಾಯಿ. ಕೆಳಗೆ ಚುಕ್ಕೆ ಇಟ್ಟರೆ ಮಂದ್ರ, ಮೇಲೆ ಇಟ್ಟರೆ ತಾರ. ಆದರೆ ಯಾರ ಮಧ್ಯ ಸ್ಥಾಯಿ? ಹಾಡುವವರದ್ದೇ. ಹುಡುಗನ ಶ್ರುತಿ ಬಿಳಿ ಒಂದು, ಅಂದರೆ ಸಿ, ಅಂತಿಟ್ಟುಕೊಳ್ಳಿ. ಹುಡುಗಿಯ ಶ್ರುತಿ ಬಿಳಿ ಐದು, ಅಂದರೆ ಜಿ. ಇಬ್ಬರೂ ಒಂದೇ ಪುಸ್ತಕ ನೋಡಿ ಒಂದೇ ಸ ಹಾಡುತ್ತಾರೆ. ಅವನ ಸ ಸಿ3ರಲ್ಲಿ, ಅವಳ ಸ ಜಿ3ರಲ್ಲಿ. ಪುಸ್ತಕಕ್ಕೆ ಅದರ ಚಿಂತೆಯೇ ಇಲ್ಲ.

ಸ್ಟಾಫ್ ನೊಟೇಶನ್‌ನಲ್ಲಿ ಹೀಗಲ್ಲ. ಅಲ್ಲಿ ಒಂದು ಗೆರೆ ಅಂದರೆ ಪಿಯಾನೊದ ಒಂದು ನಿರ್ದಿಷ್ಟ ಕೀ. ಎಲ್ಲರಿಗೂ ಒಂದೇ ಶ್ರುತಿ, ಯಾರಿಗೂ ಬೇರೆ ಮಾಡಿಕೊಡುವುದಿಲ್ಲ. ಎಲ್ಲರೂ ಒಂದೇ ಶ್ರುತಿಯಲ್ಲಿ ಒಂದೇ ಹಾಡು ಹಾಡಬೇಕಾದಾಗ ಗಂಡಸರು ತಾವಾಗಿಯೇ ಹೆಂಗಸರಿಗಿಂತ ಒಂದು ಸ್ಥಾಯಿ ಕೆಳಗೆ ಇಳಿಯುತ್ತಾರೆ. ಗಂಟಲಿನ ರಚನೆಯೇ ಹಾಗಿದೆ. ಸ್ಟಾಫ್ ಬರಹದಲ್ಲಿ ಹಾಡುವವರಿಗೆ ಇರುವ ಸ್ಥಾಯಿಯ ವಾಡಿಕೆಗಳು ಹೆಚ್ಚಾಗಿ ಈ ಸಂಗತಿಗೆ ಹೊಂದಿಕೊಂಡಿವೆ.

ಹಂತ 1: ಮಿಡಲ್ ಸಿ ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ

88 ಕೀಗಳ ಪಿಯಾನೊ ಆದರೆ ಎಡಗಡೆಯಿಂದ ನಾಲ್ಕನೇ ಸಿ. ಮನೆಗಳಲ್ಲಿ ಜಾಸ್ತಿ ಕಾಣುವ 61 ಕೀಗಳ ಕೀಬೋರ್ಡ್‌ನಲ್ಲಿ ಸಾಮಾನ್ಯವಾಗಿ ಎಡದಿಂದ ಮೂರನೇ ಸಿ. ಒತ್ತಿ, ಟ್ಯೂನರ್ ಆಪ್‌ನಲ್ಲಿ ನೋಡಿ. 261 ಅಥವಾ 262 ಹರ್ಟ್ಸ್ ತೋರಿಸಬೇಕು.

130 ಅಥವಾ 523 ತೋರಿಸಿದರೆ ಕೀಬೋರ್ಡ್‌ನ ಆಕ್ಟೇವ್ ಬಟನ್ ಯಾರೋ ಒತ್ತಿಟ್ಟಿದ್ದಾರೆ. ಬೇರೇನೋ ಸಂಖ್ಯೆ ಬಂದರೆ ಟ್ರಾನ್ಸ್‌ಪೋಸ್, ಅಂದರೆ ಶ್ರುತಿ ಬದಲಿಸುವ ಬಟನ್, ಆನ್ ಆಗಿದೆ. ಎರಡನ್ನೂ ಸೊನ್ನೆಗೆ ತನ್ನಿ. ಕೆಲವು ಟೋನ್‌ಗಳು ತಾವೇ ಒಂದು ಸ್ಥಾಯಿ ಕೆಳಗೆ ನುಡಿಯುತ್ತವೆ. ಹಾಗಾಗಿ ಪರೀಕ್ಷೆಗೆ ಸಾದಾ ಪಿಯಾನೊ ಟೋನ್ ಇಟ್ಟುಕೊಳ್ಳಿ.

ಹಂತ 2: ಸ್ವರಕ್ಕೆ ಮೊದಲು ಕ್ಲೆಫ್ ನೋಡಿ

ಇದೇ ಮುಖ್ಯವಾದ ಹಂತ. ಇಲ್ಲಿ ಅವಸರ ಮಾಡಬೇಡಿ.

ಸಾದಾ ಟ್ರೆಬಲ್ ಕ್ಲೆಫ್: ಅದರ ಸುರುಳಿ ಎರಡನೇ ಗೆರೆಯನ್ನು ಸುತ್ತುತ್ತದೆ. ಆ ಗೆರೆ ಜಿ4. ಮಿಡಲ್ ಸಿ ಇರುವುದು ಸ್ಟಾಫ್‌ನ ಕೆಳಗೆ, ಮೊದಲ ಲೆಡ್ಜರ್ ಗೆರೆಯಲ್ಲಿ. ಸೊಪ್ರಾನೊ, ಆಲ್ಟೊ, ಮಕ್ಕಳು ಇದನ್ನು ಬರೆದ ಹಾಗೇ ಹಾಡುತ್ತಾರೆ.

ಬೇಸ್ ಕ್ಲೆಫ್: ಎರಡು ಚುಕ್ಕೆಗಳ ನಡುವಿನ ಗೆರೆ, ಅಂದರೆ ನಾಲ್ಕನೆಯದು, ಎಫ್3. ಮಿಡಲ್ ಸಿ ಸ್ಟಾಫ್‌ನ ಮೇಲೆ, ಮೊದಲ ಲೆಡ್ಜರ್ ಗೆರೆಯಲ್ಲಿ. ಬೇಸ್ ದನಿಯವರು, ಬ್ಯಾರಿಟೋನ್ (ಟೆನರ್‌ಗೂ ಬೇಸ್‌ಗೂ ನಡುವಿನ) ದನಿಯವರು ಬರೆದ ಹಾಗೇ ಹಾಡುತ್ತಾರೆ. ಇಲ್ಲಿ ಯಾವ ಲೆಕ್ಕಾಚಾರವೂ ಬೇಡ.

ಕೆಳಗೆ 8 ಇರುವ ಟ್ರೆಬಲ್ ಕ್ಲೆಫ್: ನೋಡಲು ಟ್ರೆಬಲ್ ಕ್ಲೆಫೇ, ಬಾಲದ ಕೆಳಗೆ ಪುಟ್ಟ 8. ಎಲ್ಲ ಸ್ವರವೂ ಒಂದು ಸ್ಥಾಯಿ ಕೆಳಗೆ ಅಂತ ಇದರ ಅರ್ಥ. ಎರಡನೇ ಗೆರೆ ಈಗ ಜಿ3. ಮಿಡಲ್ ಸಿ ಎಲ್ಲಿದೆ ನೋಡಿ: ಮೂರನೇ ಸಂದಿನಲ್ಲಿ, ಸ್ಟಾಫ್‌ನ ಹೊಟ್ಟೆಯೊಳಗೇ. ಟೆನರ್ ಹಾಡುವವರು ಈ ಒಂದು ಜಾಗ ನೆನಪಿಟ್ಟರೆ ಸಾಕು. ಮೂರನೇ ಸಂದು ಅಂದರೆ ಮಿಡಲ್ ಸಿ.

ಈಗ ಒಂದು ಸ್ವರವನ್ನು ಕೈಯಲ್ಲಿ ಹಿಡಿದು ನೋಡೋಣ. ಮಿಡಲ್ ಸಿಯ ಬಲಕ್ಕೆ ಇರುವ ಇ, ಅಂದರೆ ಇ4. ಕೀಬೋರ್ಡ್‌ನಲ್ಲಿ ಅದು ಒಂದೇ ಕೀ. ಆಲ್ಟೊ ಪಾರ್ಟ್‌ನಲ್ಲಿ ಅದನ್ನು ಸಾದಾ ಟ್ರೆಬಲ್ ಕ್ಲೆಫ್‌ನ ತಳದ ಗೆರೆಯ ಮೇಲೆ ಬರೆಯುತ್ತಾರೆ. ಟೆನರ್ ಪಾರ್ಟ್‌ನಲ್ಲಿ 8 ಇರುವ ಕ್ಲೆಫ್‌ನ ನಾಲ್ಕನೇ ಸಂದಿನಲ್ಲಿ, ಹತ್ತಿರ ಹತ್ತಿರ ತುದಿಯಲ್ಲಿ. ಬೇಸ್ ಕ್ಲೆಫ್‌ನಲ್ಲಿ ಬರೆದರೆ ಸ್ಟಾಫ್‌ನಿಂದ ಆಚೆ, ಎರಡನೇ ಲೆಡ್ಜರ್ ಗೆರೆಯ ಮೇಲೆ. ಪುಟದಲ್ಲಿ ಮೂರು ಬೇರೆ ಬೇರೆ ಜಾಗ, ಕಿವಿಗೆ ಒಂದೇ ಸ್ವರ. ಸುಮ್ನೆ ಓದಿ ಮುಂದೆ ಹೋಗಬೇಡಿ, ಒಂದು ಹಾಳೆಯಲ್ಲಿ ಮೂರನ್ನೂ ಬರೆದು, ಆ ಒಂದೇ ಕೀಯನ್ನು ಮೂರು ಸಲ ಒತ್ತಿ.

ಟೆನರ್‌ಗೆ ಯಾಕೆ ಈ ಸುತ್ತುಬಳಸು ಅಂತ ಕೇಳಬಹುದು. ಕ್ವಾಯರ್ ಟೆನರ್‌ನ ವ್ಯಾಪ್ತಿ ಸುಮಾರು ಸಿ3ರಿಂದ ಜಿ4 ತನಕ. ಬೇಸ್ ಕ್ಲೆಫ್‌ನಲ್ಲಿ ಬರೆದರೆ ಜಿ4 ಮೂರನೇ ಲೆಡ್ಜರ್ ಗೆರೆಗೆ ಹೋಗುತ್ತದೆ, ಓದಲು ಕಷ್ಟ. ಸಾದಾ ಟ್ರೆಬಲ್‌ನಲ್ಲಿ ಇದ್ದ ಎತ್ತರಕ್ಕೇ ಬರೆದರೆ ಅರ್ಧಕ್ಕರ್ಧ ಸ್ವರಗಳು ಸ್ಟಾಫ್‌ನ ಕೆಳಗೆ ನೇತಾಡುತ್ತವೆ. 8 ಇರುವ ಕ್ಲೆಫ್‌ನಲ್ಲಿ ಸಿ3 ಕೆಳಗಿನ ಒಂದು ಲೆಡ್ಜರ್ ಗೆರೆಯಲ್ಲಿ, ಜಿ4 ಮೇಲಿನ ಗೆರೆಗೆ ತಾಗಿಕೊಂಡು ಕೂರುತ್ತದೆ. ಇಡೀ ದನಿ ಐದು ಗೆರೆಯೊಳಗೆ ಹಿಡಿಸಿತು.

ಸಿ ಕ್ಲೆಫ್: ಹಳೆಯ ಪ್ರತಿಗಳಲ್ಲಿ ಸಿಗುತ್ತದೆ. ಎರಡು ಬಿಲ್ಲು ನಡುವೆ ಸೇರಿದ ಹಾಗಿರುವ ಗುರುತು. ಆ ನಡು ಯಾವ ಗೆರೆಯ ಮೇಲಿದೆಯೋ ಅದೇ ಮಿಡಲ್ ಸಿ. ತಳದ ಗೆರೆಯಲ್ಲಿದ್ದರೆ ಸೊಪ್ರಾನೊ ಕ್ಲೆಫ್, ಮೂರನೆಯದರಲ್ಲಿದ್ದರೆ ಆಲ್ಟೊ, ನಾಲ್ಕನೆಯದರಲ್ಲಿದ್ದರೆ ಟೆನರ್. 18ನೇ ಶತಮಾನದಲ್ಲಿ ಈ ಮೂರು ದನಿಗಳಿಗೂ ಹೀಗೆಯೇ ಬರೆಯುವುದು ರೂಢಿ. ಓದಲು ಅಭ್ಯಾಸ ಬೇಕು, ಆದರೆ ಸ್ಥಾಯಿಯ ಬಗ್ಗೆ ಅನುಮಾನವೇ ಇಲ್ಲ. ಬರೆದದ್ದೇ ಹಾಡುವುದು.

ಎಚ್ಚರಿಕೆ: 8 ಎಲ್ಲಿದೆ ಅಂತ ನೋಡಿ. ಕ್ಲೆಫ್‌ನ ತಲೆಯ ಮೇಲಿದ್ದರೆ ಒಂದು ಸ್ಥಾಯಿ ಮೇಲೆ ಅಂತ ಅರ್ಥ. ಅದು ಪುಟ್ಟ ರೆಕಾರ್ಡರ್‌ನಂತಹ ವಾದ್ಯಗಳಿಗೆ ಬರೆಯುವುದು, ಹಾಡುವವರ ಪಾರ್ಟ್‌ನಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಇನ್ನು ಸ್ಟಾಫ್‌ನ ಮೇಲೆ 8ರ ಪಕ್ಕ ಚಿಕ್ಕ ಅಕ್ಷರ ಬರೆದು ಚುಕ್ಕೆಗೆರೆ ಎಳೆದಿದ್ದರೆ, ಆ ಗೆರೆ ಇರುವಷ್ಟು ದೂರ ಮಾತ್ರ ಒಂದು ಸ್ಥಾಯಿ ಮೇಲೆ. ಅದು ಹೆಚ್ಚಾಗಿ ಪಿಯಾನೊದವರಿಗೆ. ಕ್ಲೆಫ್‌ಗೆ ಅಂಟಿದ 8 ಮಾತ್ರ ಇಡೀ ಸಾಲಿಗೆ ಅನ್ವಯ.

ಇನ್ನೊಂದು, ಇದು ನಮ್ಮ ಕಾಲದ ತೊಂದರೆ. ಮೂರು ಸಲ ಜೆರಾಕ್ಸ್ ಆದ ಪ್ರತಿಯಲ್ಲಿ, ಫೋನ್‌ನಲ್ಲಿ ಫೋಟೊ ಹೊಡೆದು ಕಳಿಸಿದ ಪುಟದಲ್ಲಿ ಆ 8 ಅಳಿಸಿಯೇ ಹೋಗಿರುತ್ತದೆ. ಸಾಧ್ಯವಾದರೆ ಮೂಲ ಪಿಡಿಎಫ್ ತೆರೆದು ದೊಡ್ಡದು ಮಾಡಿ ನೋಡಿ. ಇದ್ದರೆ ನಿಮ್ಮ ಪ್ರತಿಯಲ್ಲಿ ಪೆನ್ಸಿಲ್‌ನಲ್ಲಿ ದಪ್ಪಗೆ ಬರೆದುಕೊಳ್ಳಿ.

ಹಂತ 3: ಪುಟದಲ್ಲಿ ಎಷ್ಟು ಸ್ಟಾಫ್ ಇವೆ ಅಂತ ಎಣಿಸಿ

ನಾಲ್ಕು ದನಿಯ ಹಾಡನ್ನು ಎರಡು ರೀತಿ ಅಚ್ಚು ಹಾಕುತ್ತಾರೆ. ಒಂದು, ನಾಲ್ಕು ದನಿಗೆ ನಾಲ್ಕು ಸ್ಟಾಫ್. ಇದಕ್ಕೆ ಓಪನ್ ಸ್ಕೋರ್ ಅನ್ನುತ್ತಾರೆ (ಸ್ಕೋರ್ ಅಂದರೆ ಎಲ್ಲ ದನಿಗಳ ಸಾಲೂ ಒಟ್ಟಿಗೆ ಇರುವ ಬರಹ). ಇಲ್ಲಿ ಟೆನರ್‌ಗೆ 8 ಇರುವ ಟ್ರೆಬಲ್ ಕ್ಲೆಫ್. ಇನ್ನೊಂದು, ಭಕ್ತಿಗೀತೆಗಳ ಪುಸ್ತಕದಲ್ಲಿ ಇರುವ ಹಾಗೆ ಎರಡೇ ಸ್ಟಾಫ್. ಇದು ಕ್ಲೋಸ್ಡ್ ಸ್ಕೋರ್. ಮೇಲಿನ ಸ್ಟಾಫ್‌ನಲ್ಲಿ ಸೊಪ್ರಾನೊ ಮತ್ತು ಆಲ್ಟೊ, ಕೆಳಗಿನ ಬೇಸ್ ಕ್ಲೆಫ್ ಸ್ಟಾಫ್‌ನಲ್ಲಿ ಟೆನರ್ ಮತ್ತು ಬೇಸ್. ಸ್ವರದ ಕಡ್ಡಿ ಮೇಲಕ್ಕಿದ್ದರೆ ಆ ಸ್ಟಾಫ್‌ನ ಮೇಲಿನ ದನಿ, ಕೆಳಕ್ಕಿದ್ದರೆ ಕೆಳಗಿನ ದನಿ. ಕ್ಲೋಸ್ಡ್ ಸ್ಕೋರ್‌ನಲ್ಲಿ ಟೆನರ್ ಬರೆದ ಹಾಗೇ ಹಾಡುವುದು. ಮತ್ತೆ ಒಂದು ಸ್ಥಾಯಿ ಇಳಿಸಬೇಡಿ. ಓಪನ್ ಸ್ಕೋರ್‌ನಲ್ಲಿ ಕಲಿತ ಅಭ್ಯಾಸವನ್ನು ಇಲ್ಲಿಗೂ ತಂದು, ಬೇಸ್‌ನವರಿಗಿಂತ ಕೆಳಗೆ ಗುನುಗುವ ಟೆನರ್‌ಗಳನ್ನು ನಾನು ಕೇಳಿದ್ದೇನೆ.

ಬರೀ ಗಂಡಸರ ಕ್ವಾಯರ್‌ನ ನಾಲ್ಕು ಸಾಲಿನ ಪುಟದಲ್ಲಿ ಮೇಲಿನ ಎರಡು ಟೆನರ್ ಸಾಲಿಗೆ 8 ಇರುವ ಟ್ರೆಬಲ್, ಕೆಳಗಿನ ಎರಡಕ್ಕೆ ಬೇಸ್ ಕ್ಲೆಫ್. ಬರೀ ಹೆಂಗಸರ ತಂಡಕ್ಕೆ ಎಲ್ಲವೂ ಸಾದಾ ಟ್ರೆಬಲ್, ಬರೆದ ಹಾಗೇ.

ಹಂತ 4: 8 ಇಲ್ಲ, ಆದರೂ ಅನುಮಾನ. ಈಗ ಯಾರ ಸಾಲು ಅಂತ ಕೇಳಿಕೊಳ್ಳಿ

ಪುಟ್ಟ 8 ಹಾಕುವುದು ಒಳ್ಳೆಯ ಪದ್ಧತಿ, ಆದರೆ ಎಲ್ಲರೂ ಪಾಲಿಸಿಲ್ಲ. ಹಳೆಯ ಅಚ್ಚಿನ ಎಷ್ಟೋ ಸ್ಕೋರ್‌ಗಳಲ್ಲಿ ಟೆನರ್ ಸಾಲಿಗೆ ಸಾದಾ ಟ್ರೆಬಲ್ ಕ್ಲೆಫ್ ಹಾಕಿ, ಓದುವವರಿಗೆ ಗೊತ್ತಿರುತ್ತದೆ ಅಂತ ಬಿಟ್ಟಿದ್ದಾರೆ. ಅವೆನ್ಯೂ ರೋಡ್‌ನ ಹಳೆ ಪುಸ್ತಕದ ಅಂಗಡಿಗಳಲ್ಲಿ ಹಳೆಯ ಸ್ಕೋರ್ ಏನಾದರೂ ಕೈಗೆ ಸಿಕ್ಕರೆ ಇದನ್ನು ನೆನಪಿಡಿ. ಸಾಲಿನ ಎಡಕ್ಕೆ ಟೆನರ್ ಅಂತ ಬರೆದಿದ್ದರೆ, ಕ್ಲೆಫ್ ಸಾದಾ ಆಗಿದ್ದರೂ ಒಂದು ಸ್ಥಾಯಿ ಕೆಳಗೆ.

ಸಿನಿಮಾ ಹಾಡು, ಪಾಪ್ ಹಾಡುಗಳ ಪುಸ್ತಕದಲ್ಲಿ ಒಂದೇ ಟ್ರೆಬಲ್ ಸಾಲು, ಮೇಲೆ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹೆಸರು ಇರುತ್ತದೆ. ಅದು ಎಲ್ಲರಿಗೂ ಬರೆದದ್ದು. ಹೆಂಗಸರು ಬರೆದಲ್ಲಿ, ಗಂಡಸರು ಒಂದು ಸ್ಥಾಯಿ ಕೆಳಗೆ. ಹೈ ವಾಯ್ಸ್, ಲೋ ವಾಯ್ಸ್ ಅಂತ ಎರಡು ಸಂಪುಟಗಳಲ್ಲಿ ಬರುವ ಏಕವ್ಯಕ್ತಿ ಗೀತೆಗಳೂ ಹೀಗೆಯೇ. ಹೈ ವಾಯ್ಸ್ ಸಂಪುಟ ಸೊಪ್ರಾನೊಗೂ ಟೆನರ್‌ಗೂ ಸೇರಿದ್ದು, ಟೆನರ್ ಅದನ್ನು ಒಂದು ಸ್ಥಾಯಿ ಕೆಳಗೆ ಹಾಡುತ್ತಾರೆ. ಪಿಯಾನೊ ಭಾಗ ಮಾತ್ರ ಇದ್ದಲ್ಲೇ ಇರುತ್ತದೆ. ಅದನ್ನು ಕೆಳಗಿಳಿಸಿ ನುಡಿಸಲು ಹೇಳಬೇಡಿ.

ಕ್ವಾಯರ್ ಪುಟದಲ್ಲಿ ಒಂದು ಕಡೆ ಯೂನಿಸನ್ ಅಂತ ಬರೆದು, ಎಲ್ಲರಿಗೂ ಒಂದೇ ಟ್ರೆಬಲ್ ಸಾಲು ಕೊಟ್ಟಿದ್ದರೂ ಇದೇ ನಿಯಮ. ಎಲ್ಲರೂ ಒಂದೇ ರಾಗ ಹಾಡಿ ಅನ್ನುವುದಷ್ಟೇ ಅದರ ಅರ್ಥ. ಗಂಡಸರು ಹೆಂಗಸರ ಎತ್ತರಕ್ಕೆ ಏರಬೇಕಿಲ್ಲ.

ಈಗ ನಿಯಮ ನಡೆಯದ ಜಾಗ. ಕೌಂಟರ್‌ಟೆನರ್ ಅಂತ ಒಂದು ದನಿ ಇದೆ. ಗಂಡಸರೇ, ಆದರೆ ಫಾಲ್ಸೆಟ್ಟೊ, ಅಂದರೆ ತೆಳು ತಲೆದನಿಯನ್ನು ಚೆನ್ನಾಗಿ ಪಳಗಿಸಿ ಆಲ್ಟೊ ಎತ್ತರದಲ್ಲಿ ಹಾಡುವವರು. ಅವರಿಗೆ ಸಾದಾ ಟ್ರೆಬಲ್ ಕ್ಲೆಫ್, ಬರೆದ ಹಾಗೇ. ನಿಮ್ಮ ಸಾಲಿಗೆ ಆಲ್ಟೊ ಅಂತ ಹೆಸರಿದ್ದು ನೀವು ಗಂಡಸಾಗಿದ್ದರೆ, ನಿಮ್ಮ ಕಂಡಕ್ಟರ್, ಅಂದರೆ ಕ್ವಾಯರ್ ನಡೆಸುವವರನ್ನು ಕೇಳಿಯೇ ಮುಂದೆ ಹೋಗಿ.

ಹಂತ 5: ಪಿಯಾನೊ ಸಾಲಿನ ಜೊತೆ ತಾಳೆ ನೋಡಿ

ನಾಲ್ಕು ದನಿಯ ಕೆಳಗೆ ಚಿಕ್ಕ ಅಕ್ಷರದಲ್ಲಿ "ಅಭ್ಯಾಸಕ್ಕೆ ಮಾತ್ರ" ಅನ್ನುವ ಅರ್ಥ ಬರುವ ಹಾಗೆ ಬರೆದ ಪಿಯಾನೊ ಸಾಲು ಇದ್ದರೆ, ನಿಮ್ಮ ಪುಣ್ಯ. ಎಲ್ಲ ದನಿಗಳನ್ನೂ ಅವು ನಿಜಕ್ಕೂ ಕೇಳಿಸುವ ಎತ್ತರದಲ್ಲೇ ಅಲ್ಲಿ ಬರೆದಿರುತ್ತಾರೆ. ಟೆನರ್‌ನ ಮೊದಲ ಸ್ವರ ಮೂರನೇ ಸಂದಿನಲ್ಲಿದ್ದು, ಅದರ ನೇರ ಕೆಳಗೆ ಪಿಯಾನೊ ಸಾಲಿನಲ್ಲಿ ಮಿಡಲ್ ಸಿ ಕಂಡರೆ, 8 ಅಚ್ಚಾಗಿರಲಿ ಬಿಡಲಿ, ಉತ್ತರ ಸಿಕ್ಕಿತು.

ಆ ಸಾಲು ಇಲ್ಲದಿದ್ದರೆ ಕಾರ್ಡ್ ಕಟ್ಟಿ ನೋಡಿ. ಬೇಸ್ ಸಿ3, ಟೆನರ್ ಜಿ3, ಆಲ್ಟೊ ಇ4, ಸೊಪ್ರಾನೊ ಸಿ5 ಅಂತಿಟ್ಟುಕೊಳ್ಳಿ. ನಾಲ್ಕನ್ನೂ ಒಟ್ಟಿಗೆ ಒತ್ತಿ. ತೆರೆದ, ನಿರಾಳವಾದ ಸದ್ದು. ಈಗ ಟೆನರ್‌ನ ಜಿಯನ್ನು ಒಂದು ಸ್ಥಾಯಿ ಮೇಲಕ್ಕೆ, ಜಿ4ಕ್ಕೆ ತನ್ನಿ. ಟೆನರ್ ಆಲ್ಟೊ ತಲೆಯ ಮೇಲೆ ಹೋಗಿ ಕೂತಿತು. ಮೇಲ್ಗಡೆ ಮೂರು ದನಿ ಗುಂಪು ಕಟ್ಟಿದವು, ಬೇಸ್ ಕೆಳಗೆ ಒಂಟಿಯಾಯಿತು. ಟೆನರ್ ಸಾಲನ್ನು ತಪ್ಪು ಸ್ಥಾಯಿಯಲ್ಲಿ ಹಾಡಿದಾಗ ಕ್ವಾಯರ್ ಹೀಗೆ ಕೇಳಿಸುತ್ತದೆ. ಸ್ವರ ತಪ್ಪಲ್ಲ, ಆದರೂ ಏನೋ ಸರಿ ಇಲ್ಲ.

ಬೇಸ್ ಮೇಲಕ್ಕೆ ಹೋದರೆ ಇನ್ನೂ ಕಷ್ಟ. ಮೊದಲಿನ ಕಾರ್ಡ್‌ನಲ್ಲೇ ಸಿ3 ಬಿಟ್ಟು ಸಿ4 ಒತ್ತಿ. ಈಗ ಎಲ್ಲರಿಗಿಂತ ಕೆಳಗಿರುವುದು ಟೆನರ್‌ನ ಜಿ. ಕಾರ್ಡ್ ಅದೇ ಸಿ ಮೇಜರ್, ಆದರೆ ತಳದಲ್ಲಿ ಸ ಇಲ್ಲ, ಪ ಇದೆ. ನಿಲ್ಲಬೇಕಾದ ಜಾಗದಲ್ಲಿ ಹಾಡು ನಿಲ್ಲದೆ ತೂಗಾಡುತ್ತದೆ. ಬೇಸ್‌ನವರು ಕೆಳಗಿನ ಸ್ವರ ಸಿಗಲಿಲ್ಲ ಅಂತ ಒಂದು ಸ್ಥಾಯಿ ಮೇಲೆ ಹಾಡಿಕೊಳ್ಳುವುದು ನಮ್ಮ ತಂಡಗಳಲ್ಲಿ ತುಂಬಾ ನಡೆಯುತ್ತದೆ. ಎಲ್ಲರೂ ಹಾಗೆ ಮಾಡಿದರೆ ಹಾಡಿನ ನೆಲವೇ ಹೋಗುತ್ತದೆ. ಒಬ್ಬಿಬ್ಬರಿಗಾದರೂ ಕೆಳಗಿನ ಸ್ವರ ಸಿಗುವ ಹಾಗೆ ನೋಡಿಕೊಳ್ಳಿ. ಸಿಗದವರು ಆ ಒಂದು ಸ್ವರ ಮೆಲ್ಲಗೆ ಬಿಡಲಿ.

ಹಂತ 6: ನಿಮ್ಮ ದನಿ ಯಾವ ಸ್ಥಾಯಿಯಲ್ಲಿದೆ ಅಂತ ಅಳೆಯಿರಿ

ಇದು ಕಿವಿಗೆ ಬಿಟ್ಟರೆ ಆಗುವುದಿಲ್ಲ. ಗಂಡಸರಿಗೆ ಮಿಡಲ್ ಸಿ ಕೊಟ್ಟು ಹಾಡಿ ಅಂದರೆ, ಹೊಸಬರಲ್ಲಿ ಬಹಳ ಜನ ಸಿ3 ಹಾಡಿ "ಸೇರಿತು" ಅನ್ನುತ್ತಾರೆ. ಸೇರಿದ್ದು ನಿಜ. ಸ್ಥಾಯಿ ಬೇರೆಯಾದರೂ ಸ ಸ-ವೇ. ನಮ್ಮ ಕಿವಿ ಎರಡನ್ನೂ ಒಂದೇ ಅಂತ ಒಪ್ಪಿಕೊಳ್ಳುತ್ತದೆ. ಅದಕ್ಕೇ ಟ್ಯೂನರ್ ಬೇಕು.

ಆಪ್ ತೆರೆದು, ಸಾದಾ ಮಾತಾಡುವ ಎತ್ತರದಲ್ಲಿ ಊ ಅಂತ ಎಳೆಯಿರಿ. ತೋರಿಸುವ ಸ್ವರ ಮತ್ತು ಅದರ ನಂಬರ್ ಬರೆದುಕೊಳ್ಳಿ. ಅಲ್ಲಿಂದ ಒಂದೊಂದೇ ಸ್ವರ ಇಳಿಯಿರಿ, ಸದ್ದು ಗಾಳಿಯಾಗುವ ತನಕ. ಮತ್ತೆ ಏರಿ, ಗಂಟಲು ಬಿಗಿಯುವ ತನಕ. ಬಿಗಿದ ಕೂಡಲೇ ನಿಲ್ಲಿಸಿ. ಕ್ವಾಯರ್‌ಗೆ ಅಂದಾಜು ಹೀಗಿರುತ್ತದೆ: ಸೊಪ್ರಾನೊ ಸಿ4ರಿಂದ ಎ5, ಆಲ್ಟೊ ಜಿ3ರಿಂದ ಡಿ5, ಟೆನರ್ ಸಿ3ರಿಂದ ಜಿ4, ಬೇಸ್ ಇ2ರಿಂದ ಸಿ4ರ ಆಸುಪಾಸು. ಒಂದೆರಡು ಸ್ವರ ಆಚೀಚೆ ಆದರೆ ಚಿಂತೆ ಬೇಡ.

ಟ್ಯೂನರ್ ಕೂಡ ಕೆಲವೊಮ್ಮೆ ಎಡವುತ್ತದೆ. ತಗ್ಗಿನ ದನಿಯಲ್ಲಿ ಆ ಅಂತ ಜೋರಾಗಿ ಹಾಡಿದರೆ ಒಂದು ಸ್ಥಾಯಿ ಮೇಲಿನದನ್ನು ತೋರಿಸಿಬಿಡಬಹುದು. ಊ ಅಥವಾ ಮ್ ಅಂತ ಮೆತ್ತಗೆ ಹಾಡಿದರೆ ಸರಿಯಾಗಿ ಹಿಡಿಯುತ್ತದೆ.

ಟೆನರ್ ಸಾಲಿನಲ್ಲಿ ನಿಂತು ಹಾಡುವ ಹೆಂಗಸರಿಗೆ ಇಲ್ಲಿ ವಿಶೇಷ ಗಮನ ಬೇಕು. ನಮ್ಮಲ್ಲಿ ಟೆನರ್‌ಗಳ ಕೊರತೆ ಇರುವುದರಿಂದ ತಗ್ಗಿನ ದನಿಯ ಆಲ್ಟೊಗಳು ನೆರವಿಗೆ ಬರುತ್ತಾರೆ. ತುಂಬಾ ಒಳ್ಳೆಯದು. ಆದರೆ ವರ್ಷಗಟ್ಟಲೆ ಸಾದಾ ಟ್ರೆಬಲ್ ಓದಿದ ಕಣ್ಣು, 8 ಇದ್ದರೂ ಬರೆದ ಎತ್ತರಕ್ಕೇ ಹೋಗುತ್ತದೆ. ಮೂರನೇ ಸಂದಿನ ಸ್ವರವನ್ನು ನೀವು ಸಿ5 ಹಾಡಿದರೆ ಸೊಪ್ರಾನೊ ಜಾಗ ಮುಟ್ಟಿದಿರಿ. ಅದು ಸಿ4, ನಿಮ್ಮ ಆಲ್ಟೊ ಪುಟದಲ್ಲಿ ಸ್ಟಾಫ್‌ನ ಕೆಳಗೆ ಇರುತ್ತಿದ್ದ ಸ್ವರ. ಎಫ್3ಕ್ಕಿಂತ ಕೆಳಗಿನ ಸ್ವರ ಎಲ್ಲೆಲ್ಲಿದೆ ಅಂತ ಮೊದಲೇ ಗುರುತು ಹಾಕಿ, ಅಲ್ಲಿ ಬಲವಂತ ಮಾಡದೆ ಗಂಡಸರಿಗೆ ಬಿಡಿ.

ದನಿ ಒಡೆಯುತ್ತಿರುವ ಹುಡುಗರ ಬಗ್ಗೆ ತಂದೆತಾಯಿ ಕೇಳುತ್ತಾರೆ. ದನಿ ಒಡೆಯುವ ಮೊದಲು ಹುಡುಗ ಟ್ರೆಬಲ್ ಸಾಲನ್ನು ಬರೆದ ಹಾಗೇ ಹಾಡುತ್ತಾನೆ. ದನಿ ನೆಲೆಯಾದ ಮೇಲೆ ಅದೇ ಸಾಲು ಒಂದು ಸ್ಥಾಯಿ ಕೆಳಗೆ ಬರುತ್ತದೆ. ನಡುವಿನ ತಿಂಗಳುಗಳಲ್ಲಿ ಎರಡೂ ಪೂರ್ತಿ ಸಿಗುವುದಿಲ್ಲ. ಆಗ ಅವನಿಗೆ ಸಿಗುವ ಐದಾರು ಸ್ವರಗಳಲ್ಲೇ ಹಾಡಿಸಿ. ಹಳೆಯ ಎತ್ತರಕ್ಕೆ ಏರಿಸಲು ದಯವಿಟ್ಟು ಒತ್ತಾಯ ಮಾಡಬೇಡಿ.

ಹಂತ 7: ಶ್ರುತಿ ಕೊಡುವ ವಾದ್ಯ ಯಾವುದು?

ಕೀಬೋರ್ಡ್ ಬರೆದದ್ದನ್ನು ಬರೆದಲ್ಲೇ ನುಡಿಸುತ್ತದೆ. ಗಿಟಾರ್ ಹಾಗಲ್ಲ. ಗಿಟಾರ್‌ಗೆ ಸಾದಾ ಟ್ರೆಬಲ್ ಕ್ಲೆಫ್‌ನಲ್ಲಿ ಬರೆದರೂ ಅದು ಕೇಳಿಸುವುದು ಒಂದು ಸ್ಥಾಯಿ ಕೆಳಗೆ. ಟೆನರ್‌ನ ಹಾಗೇ! ಹಾಗಾಗಿ ಗಿಟಾರ್‌ನವರು ನಿಮ್ಮ ಸಾಲು ಓದಿ ನುಡಿಸಿದರೆ ಗಂಡಸರಿಗೆ ಸರಿಯಾದ ಎತ್ತರ ತಾನಾಗಿಯೇ ಸಿಗುತ್ತದೆ. "ಗಿಟಾರ್ ಜೊತೆ ಆರಾಮಾಗಿ ಹಾಡ್ತೀನಿ, ಕೀಬೋರ್ಡ್ ಜೊತೆ ಆಗಲ್ಲ" ಅಂತ ದೂರುವವರಿಗೆ ಕಾರಣ ಹೆಚ್ಚಾಗಿ ಇದೇ.

ಹಾರ್ಮೋನಿಯಂ ಮೇಲೆ ಸ್ಥಾಯಿಯ ವಿಷಯದಲ್ಲಿ ಪೂರ್ತಿ ಭರವಸೆ ಇಡಬೇಡಿ. ಬಳೇಪೇಟೆಯ ಅಂಗಡಿಗಳಲ್ಲಿ ಕೇಳಿ ನೋಡಿ, ಎರಡು ರೀಡ್ ಪೆಟ್ಟಿಗೆಯಲ್ಲಿ ಬೇಸ್ ಮತ್ತು ಮೇಲ್ (ಇಂಗ್ಲಿಷ್‌ನ male, ಗಂಡು) ಅಂತ ಎರಡು ಸಾಲು ರೀಡ್, ಅಂದರೆ ಸದ್ದು ಹೊರಡಿಸುವ ಲೋಹದ ಪಟ್ಟಿಗಳು, ಇರುತ್ತವೆ. ಒಂದು ಕೀ ಒತ್ತಿದರೆ ಎರಡು ಸ್ಥಾಯಿಗಳು ಒಟ್ಟಿಗೆ ನುಡಿಯುತ್ತವೆ. ಹಾಡಿಗೆ ಅದು ತುಂಬು ಸದ್ದು, ಆದರೆ ಪಾರ್ಟ್ ಯಾವ ಸ್ಥಾಯಿಯಲ್ಲಿದೆ ಅಂತ ಪತ್ತೆ ಹಚ್ಚಲು ಉಪಯೋಗವಿಲ್ಲ.

ಹಂತ 8: ನೀವೇ ಟೈಪ್ ಮಾಡುವವರಾದರೆ

ತಂಡಕ್ಕೆ ಪ್ರಾಕ್ಟೀಸ್ ಟ್ರ್ಯಾಕ್ ಮಾಡಿಕೊಡುವವರಿಂದ ಈ ತಪ್ಪು ಜಾಸ್ತಿ ಹರಡುತ್ತದೆ. ಸ್ಕೋರ್ ಟೈಪ್ ಮಾಡುವ ಸಾಫ್ಟ್‌ವೇರ್ ಮ್ಯೂಸ್‌ಸ್ಕೋರ್ ಉಚಿತ, ಬಹಳ ಜನ ಬಳಸುವುದು ಅದನ್ನೇ. ಹೊಸ ಸ್ಕೋರ್ ತೆರೆಯುವಾಗ ವಾದ್ಯಗಳ ಪಟ್ಟಿಯಲ್ಲಿ ಟೆನರ್ ಅಂತಲೇ ಆರಿಸಿ. 8 ಇರುವ ಕ್ಲೆಫ್ ತಾನೇ ಬರುತ್ತದೆ. ಪಿಯಾನೊ ಅಂತ ಆರಿಸಿ ಸಾದಾ ಟ್ರೆಬಲ್‌ನಲ್ಲಿ ಟೆನರ್ ಸಾಲು ಹಾಕಿದರೆ, ಟ್ರ್ಯಾಕ್ ಒಂದು ಸ್ಥಾಯಿ ಮೇಲೆ ನುಡಿಯುತ್ತದೆ, ಇಡೀ ಟೆನರ್ ಗುಂಪು ಅದನ್ನೇ ಕೇಳಿ ಕಲಿಯುತ್ತದೆ.

ಆಗಲೇ ಹಾಗೆ ಮಾಡಿಬಿಟ್ಟಿದ್ದರೆ ಸರಿಪಡಿಸುವುದು ಸುಲಭ. ಕ್ಲೆಫ್‌ಗಳ ಪಟ್ಟಿಯಿಂದ 8 ಇರುವ ಟ್ರೆಬಲ್ ತಂದು ಸಾಲಿನ ಶುರುವಿಗೆ ಹಾಕಿ. ಸ್ವರಗಳೆಲ್ಲ ಪುಟದಲ್ಲಿ ಮೇಲಕ್ಕೆ ಹಾರುತ್ತವೆ, ಗಾಬರಿ ಬೇಡ. ಸದ್ದು ಬದಲಾಗದಂತೆ ಸಾಫ್ಟ್‌ವೇರ್ ಬರಹವನ್ನು ಹೊಂದಿಸಿದೆ ಅಷ್ಟೇ. ಈಗ ಆ ಸಾಲು ಪೂರ್ತಿ ಸೆಲೆಕ್ಟ್ ಮಾಡಿ ಕಂಟ್ರೋಲ್ ಜೊತೆ ಕೆಳಬಾಣದ ಕೀ ಒಂದು ಸಲ ಒತ್ತಿ. ಬರಹ ಮೊದಲಿನ ಜಾಗಕ್ಕೆ ಬಂತು, ಸದ್ದು ಒಂದು ಸ್ಥಾಯಿ ಇಳಿಯಿತು.

ಮಿಡಿ ಫೈಲ್ (ಯಾವ ಕೀ ಯಾವಾಗ ನುಡಿಯಬೇಕು ಅಂತ ಕಂಪ್ಯೂಟರ್‌ಗೆ ಹೇಳುವ ಫೈಲ್) ಕಳಿಸುವ ಮುನ್ನವೂ ಕೇಳಿ ನೋಡಿ. ಮಿಡಿಯಲ್ಲಿ ಇರುವುದು ಕೀಗಳ ನಂಬರ್ ಮಾತ್ರ, ಮಿಡಲ್ ಸಿ 60. ಕ್ಲೆಫ್‌ನ ಸುಳಿವು ಅದರಲ್ಲಿಲ್ಲ. ತೆಗೆದುಕೊಂಡವರು ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ತೆರೆದರೆ ಟೆನರ್ ಸಾಲು ಬೇರೆ ಕ್ಲೆಫ್‌ನಲ್ಲಿ ಕಾಣಬಹುದು. ಅದಕ್ಕೆ ಪಿಡಿಎಫ್ ಜೊತೆಗೆ ಕಳಿಸಿ, ಮೊದಲ ಸ್ವರ ಯಾವುದು ಅಂತ ಮೆಸೇಜ್‌ನಲ್ಲಿ ನಂಬರ್ ಸಮೇತ ಬರೆಯಿರಿ. "ಟೆನರ್ ಮೊದಲ ಸ್ವರ ಜಿ3, ಮಿಡಲ್ ಸಿಗಿಂತ ಕೆಳಗೆ" ಅಂದರೆ ಸಾಕು.

ಮನೆಯಲ್ಲಿ ಹಳೆಯ ಸೋಲ್‌ಫಾ ಪುಸ್ತಕ ಇದ್ದರೆ

ಚರ್ಚ್‌ನಲ್ಲಿ ಹಾಡುತ್ತಿದ್ದ ಅಜ್ಜ ಅಜ್ಜಿಯರ ಕಾಲದ ಪುಸ್ತಕಗಳಲ್ಲಿ ಕೆಲವು ಟಾನಿಕ್ ಸೋಲ್‌ಫಾದಲ್ಲಿವೆ. ಗೆರೆಗಳಿಲ್ಲ, ಡೋ ರೇ ಮಿಯ ಮೊದಲ ಅಕ್ಷರಗಳು, ನಡುವೆ ತಾಳಕ್ಕೆ ಚುಕ್ಕೆಗಳು. ಈ ಪದ್ಧತಿಯನ್ನು 19ನೇ ಶತಮಾನದಲ್ಲಿ ಇಂಗ್ಲೆಂಡ್‌ನ ಜಾನ್ ಕರ್ವೆನ್ ಬೆಳೆಸಿದರು. ಮೇಲಿನ ಸ್ಥಾಯಿಗೆ ಅಕ್ಷರದ ಮೇಲ್ಗಡೆ ಚಿಕ್ಕ ಗೀಟು, ಕೆಳಗಿನದಕ್ಕೆ ಕೆಳಗಡೆ ಗೀಟು. ನಮ್ಮ ಚುಕ್ಕೆಗಳ ಕೆಲಸವನ್ನೇ ಗೀಟು ಮಾಡುತ್ತದೆ.

ಇಲ್ಲೂ ಅದೇ ವಾಡಿಕೆ ಇದೆ. ಗೀಟುಗಳನ್ನು ಕಡಿಮೆ ಮಾಡಲು ಟೆನರ್ ಮತ್ತು ಬೇಸ್ ಎರಡನ್ನೂ ಹಾಡುವುದಕ್ಕಿಂತ ಒಂದು ಸ್ಥಾಯಿ ಮೇಲೆ ಬರೆಯುತ್ತಾರೆ. ಹಾಡಿನ ಶ್ರುತಿ ಸಿ ಆಗಿದ್ದರೆ, ಗೀಟಿಲ್ಲದ ಡೋ ಸೊಪ್ರಾನೊಗೆ ಸಿ4, ಬೇಸ್‌ಗೆ ಸಿ3. ಆ ಪುಸ್ತಕದಿಂದ ಸ್ಟಾಫ್‌ಗೆ ಇಳಿಸಿಕೊಳ್ಳುವಾಗ ಬೇಸ್ ಸಾಲನ್ನು ಬೇಸ್ ಕ್ಲೆಫ್‌ಗೆ ಬರೆಯುತ್ತಿದ್ದರೆ ನೀವೇ ಒಂದು ಸ್ಥಾಯಿ ಇಳಿಸಿ ಬರೆಯಬೇಕು. ಟೆನರ್ ಸಾಲನ್ನು 8 ಇರುವ ಕ್ಲೆಫ್‌ಗೆ ಬರೆಯುತ್ತಿದ್ದರೆ ಇಳಿಸುವ ಕೆಲಸವನ್ನು ಆ 8 ಮಾಡಿಕೊಡುತ್ತದೆ. ಪುಸ್ತಕದ ಅಂಚು ಪುಡಿಯಾಗುವಷ್ಟು ಹಳೆಯದಾಗಿದ್ದರೆ ಜೆರಾಕ್ಸ್ ಯಂತ್ರದ ಮೇಲೆ ಒತ್ತಬೇಡಿ. ಕಿಟಕಿ ಹತ್ತಿರ ಹರಡಿಟ್ಟು, ಒಂದೊಂದೇ ಪುಟ ಫೋಟೊ ತೆಗೆಯಿರಿ, ಗೀಟುಗಳು ಕಾಣುವಷ್ಟು ಹತ್ತಿರದಿಂದ.